ಕೆರೆದಂಡೆಯ ಹಾಯಿ

ನಿನ್ನೆ ಕುದ್ರೋಳಿಯ ದಾರಿಯಲ್ಲಿ ಯಾರೋ ದೋಣಿಯ ಹಳೆಯ ಹಾಯಿಯೊಂದನ್ನು ಬೇಲಿಯ ಮೇಲೆ ಒಣಹಾಕಿದ್ದರು. ಉಪ್ಪು, ಮೀನೆಣ್ಣೆ, ಬಿಸಿಲು ಮೂರೂ ಬೆರೆತ ಆ ವಾಸನೆಗೆ ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ನಿಂತೇಬಿಟ್ಟೆ. ನಂಬುತ್ತೀರೋ ಇಲ್ಲವೋ, ಆ ವಾಸನೆಯೊಳಗೆ ನಾನು ಒಂದು ತಿಂಗಳು ಸಂಸಾರ ಮಾಡಿದ್ದೇನೆ.

ಮದುವೆಯಾದ ಎರಡನೆಯ ವರ್ಷ. ಹೆಂಡತಿಗೆ ಕೆಮ್ಮು ಹಿಡಿದು ನಾಲ್ಕು ತಿಂಗಳಾಗಿತ್ತು. ರೋಗದ ಹೆಸರನ್ನು ಡಾಕ್ಟರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೆಸರಿಲ್ಲದೆಯೂ ಚಿಂತಿಸುವ ಶಕ್ತಿ ನನಗೆ ಹುಟ್ಟಿನಿಂದ ಬಂದದ್ದು. "ಬೇಸಿಗೆ ರಜೆಯಲ್ಲಿ ಊರ ಹೊರಗೆ ಬಯಲು ಗಾಳಿಯಲ್ಲಿ ಇರಿಸಿ. ಆಮೇಲೆ ನೋಡುವ" ಎಂದರು. ಆ 'ಆಮೇಲೆ' ನನ್ನ ನಿದ್ದೆ ತಿಂದಿತು.

ಬಜಪೆಯ ದಾರಿಯಲ್ಲಿ ಪರಿಚಯದವರ ಗದ್ದೆಯಾಚೆ ಒಂದು ಕೆರೆಯಿತ್ತು. ನಮ್ಮ ನೆರೆಯ ದೂಮಣ್ಣ, ಕಡಲಿನಲ್ಲೇ ಮುದುಕನಾದವನು, ಡೇರೆ ಹಾಕಲು ತನ್ನ ಹಳೆಯ ಹಾಯಿಯನ್ನೇ ಹೊತ್ತು ಬಂದ. ಕಮಾನಿನ ಗಾಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿದೆವು. ಹಾವು, ಜಿಗಣೆ, ಚಿರತೆ ಎಂದು ಒಂದೊಂದಾಗಿ ನೆನೆಯುತ್ತ ನಾನು ಹಿಂದೆ ನಡೆದೆ.

ಕೆರೆಯನ್ನು ಕಂಡು ದೂಮಣ್ಣ ಹೆಗಲ ಹೊರೆ ಇಳಿಸುವುದನ್ನೇ ಮರೆತ. ಎದುರಿನ ಗುಡ್ಡ, ತಾಳೆಮರ, ಸಂಜೆಯ ಮೋಡ ಎಲ್ಲವೂ ನೀರಿನಲ್ಲಿ ಬುಡಮೇಲಾಗಿ ನಿಂತಿದ್ದವು. ಒಂದು ಎಲೆ ಬಿದ್ದರೆ ಇಡೀ ಗುಡ್ಡ ನಡುಗುತ್ತಿತ್ತು. ಅವನು ದನಿ ತಗ್ಗಿಸಿ ಕೇಳಿದ:

"ಎಂತ ಮಾಸ್ಟ್ರೆ, ಈ ನೀರು ಏಳುವುದು ಯಾವಾಗ?"

ಉತ್ತರಕ್ಕೆ ಕಾಯದೆ ನೂರು ಹೆಜ್ಜೆ ಮೇಲಕ್ಕೆ ಹೋಗಿ ಗೂಟ ಹೊಡೆದ. "ಹುಣ್ಣಿಮೆ ಹತ್ರ ಉಂಟು. ಭರತಕ್ಕೆ ನೀರು ಏರಿದ್ರೆ ಗಾಡಿ ಸಮೇತ ಹೋಗ್ತದೆ."

ನಾನೂ ಉಬ್ಬರವಿಳಿತ ನೋಡಿ ಬೆಳೆದ ಕಡಲ ತಡಿಯವನೇ. ಇನ್ನೂ ಇಪ್ಪತ್ತು ಹೆಜ್ಜೆ ಮೇಲಿರಲಿ ಎಂದೆ.

ನೀರಿನ ತಂಡಿ ತಾಗದಿರಲೆಂದು ಅಷ್ಟು ದೂರ ಹೋದೆವೆಂದು ಹೆಂಡತಿ ತಿಳಿದಿದ್ದಳು. ನಾನು ದಿನವೂ ಕೊಡಪಾನ ಹೊತ್ತು ಹತ್ತಿದೆ. ಹುಣ್ಣಿಮೆಯಂದು ದಂಡೆಯಲ್ಲಿ ಕೋಲು ನೆಟ್ಟು ನೋಡಿದೆ, ನೀರು ಕದಲಲಿಲ್ಲ. ಆದರೂ ಡೇರೆಯನ್ನು ಕೆಳಕ್ಕೆ ತರಲಿಲ್ಲ. ಕೆರೆಯ ಮನಸ್ಸು ಯಾರಿಗೆ ಗೊತ್ತು.

ಹದಿನೈದನೆಯ ದಿನ ಬೆಳಿಗ್ಗೆ ನಾನು ಕೊಡಪಾನ ಹೊತ್ತು ಹತ್ತಿ ಬರುವಾಗ ದೂಮಣ್ಣ ನೋಡಿಹೋಗಲು ಬಂದ.

"ಹುಣ್ಣಿಮೆಗೆ ನೀರು ಎಲ್ಲಿವರೆಗೆ ಬಂತು?"

"ಈ ಸಲ ಕಡಿಮೆ" ಎಂದೆ ಗಂಭೀರವಾಗಿ.

ಡೇರೆಯ ಪಕ್ಕ ನಿಲ್ಲಿಸಿದ್ದ ಗಾಡಿಯೊಳಗಿಂದ ಅವಳು ತಲೆ ಹೊರಹಾಕಿದಳು. "ಕೆರೆಗೆ ಭರತ ಉಂಟಾ?"

"ಮಾಸ್ಟ್ರು ಬೇಡ ಹೇಳಲಿಲ್ಲ ಅಮ್ಮ. ಇನ್ನೂ ಇಪ್ಪತ್ತು ಹೆಜ್ಜೆ ಅಂದದ್ದು ಅವರೇ."

"ದೂಮಣ್ಣ, ಇವರು ಶಾಲೆಯಲ್ಲಿ ಕಲಿಸುವುದು ಭೂಗೋಳ."

ಎಂದವಳೇ ಕಮಾನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾಲ್ಕು ತಿಂಗಳಿಂದ ಅವಳ ಯಾವ ನಗುವೂ ನಗುವಾಗಿ ಮುಗಿದಿರಲಿಲ್ಲ. ಕೊನೆಯಲ್ಲಿ ಕೆಮ್ಮು ಹೊಂಚುಹಾಕಿರುತ್ತಿತ್ತು. ನಾನು ಕೊಡಪಾನ ಹೊತ್ತೇ ಕಾದೆ. ದೂಮಣ್ಣನೂ ಕಾದ. ನಗು ಕೆರೆಯನ್ನು ದಾಟಿ, ಗುಡ್ಡಕ್ಕೆ ತಾಗಿ, ಮೆಲ್ಲನೆ ಹಿಂತಿರುಗಿ ಬಂದು ಮುಗಿಯಿತು. ಕೆಮ್ಮು ಬರಲಿಲ್ಲ. ದೂಮಣ್ಣ ತಲೆಯ ಮುಂಡಾಸು ಬಿಚ್ಚಿ ನೀರಿನ ಕಡೆ ತಿರುಗಿ, ದೋಣಿ ಇಳಿಸುವ ಮುನ್ನ ಮುಗಿಯುವಂತೆ ಕೈಮುಗಿದ. ನನ್ನ ಕೈಯಲ್ಲಿ ಕೊಡಪಾನವಿತ್ತು. ಇಲ್ಲದಿದ್ದರೆ ನಾನೂ ಕೈಮುಗಿಯುತ್ತಿದ್ದೆ.

ಅವಳು ಗುಣವಾಗಿ ಎಷ್ಟೋ ವರ್ಷಗಳಾದವು. ಈಗಲೂ ಅವಳು ನಕ್ಕರೆ ನಾನು ಉಸಿರು ಹಿಡಿದು, ಕೆಮ್ಮು ಬಂದೀತೇ ಎಂದು ನಗುವಿನ ಕೊನೆಗೆ ಕಿವಿಗೊಡುತ್ತೇನೆ. ಹೀಗಾಗಿ ಜೊತೆಗೂಡಿ ನಕ್ಕದ್ದೇ ಕಡಿಮೆ. ಇವತ್ತು ಇಷ್ಟನ್ನು ಬರೆದು ಅವಳಿಗೆ ಓದಿ ಹೇಳಿದೆ. "ಇಪ್ಪತ್ತಲ್ಲ, ನೀವು ಹೇಳಿದ್ದು ಐವತ್ತು" ಎಂದು ನಕ್ಕಳು. ನಾನೂ ನಕ್ಕೆ. ಇಬ್ಬರ ನಗುವೂ ಮುಗಿದ ಮೇಲೆ ನೆನಪಾಯಿತು, ಈ ಸಲ ಕಾಯಲಿಲ್ಲ.