ಉದುರದ ಹೊಕ್ಕಳಬಳ್ಳಿ

ಮಗಳು ಹುಟ್ಟಿ ಇಪ್ಪತ್ತನಾಲ್ಕು ದಿನವಾದರೂ ಹೊಕ್ಕಳಬಳ್ಳಿ ಉದುರಿರಲಿಲ್ಲ. ಇಪ್ಪತ್ತನಾಲ್ಕೋ ಇಪ್ಪತ್ತೈದೋ, ಹುಟ್ಟಿದ ದಿನವನ್ನು ಸೇರಿಸಿ ಎಣಿಸಬೇಕೋ ಬಿಟ್ಟು ಎಣಿಸಬೇಕೋ ಎಂದು ಆಗಲೇ ತಲೆ ಕೆಡಿಸಿಕೊಂಡಿದ್ದೆ. ಮಾಲೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಬಾಣಂತನಕ್ಕೆಂದು ಹೋಳೂರಿನ ತವರಿಗೆ ಬಂದಿದ್ದೆ. ತಡವಾಗಿದೆ ಎಂದಷ್ಟೇ ಅಮ್ಮ ಅಂದುಕೊಂಡಿದ್ದಳು. ನನ್ನ ತಲೆಯಲ್ಲಿ ಒಂದು ಕಾಯಿಲೆ ಹೊಕ್ಕು ಕೂತಿತ್ತು.

ಎಂ.ಎಸ್ಸಿ. ಓದುವಾಗ ತಿಂಗಳುಗಟ್ಟಲೆ ಬಿಳಿ ರಕ್ತಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ಅವುಗಳ ಮೈಮೇಲೆ ಅಂಟುವ ಅಣುಗಳಿರುತ್ತವೆ. ಕೆಲವು ರಕ್ತನಾಳದ ಗೋಡೆಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಕಣವನ್ನು ಉರುಳಿಸುತ್ತಲೇ ನಿಧಾನಗೊಳಿಸುತ್ತವೆ. ಇನ್ನು ಕೆಲವು ಮಡಚಿಕೊಂಡು, ಮೈತುಂಬ ಚದುರಿ ಅತ್ತಿತ್ತ ಜಾರುತ್ತಿರುತ್ತವೆ. ಗೋಡೆಯಿಂದ ಕರೆ ಬಂದರೆ ಅವು ನೆಟ್ಟಗಾಗಿ, ಒಂದೆಡೆ ಗುಂಪುಗೂಡಿ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಒಂದರ ಹಿಡಿತ ಯಾವ ಲೆಕ್ಕಕ್ಕೂ ಇಲ್ಲ. ಗುಂಪಾದರೆ ಓಡುವ ರಕ್ತದಲ್ಲೂ ಕಣ ನಿಲ್ಲುತ್ತದೆ. ಆಮೇಲೆ ಗೋಡೆಯ ಸಂದಿನಲ್ಲಿ ನುಸುಳಿ ಹೊರಗೆ ಬರುತ್ತದೆ. ಹೊಕ್ಕಳಬಳ್ಳಿಯ ಬುಡವನ್ನು ಕರಗಿಸಿ ಬಿಡಿಸುವುದು ಹೀಗೆ ಬಂದ ಕಣಗಳೇ.

ಗಟ್ಟಿ ಹಿಡಿಯುವ ಆ ಅಣುಗಳೇ ಇಲ್ಲದೆ ಹುಟ್ಟುವ ಮಕ್ಕಳಿರುತ್ತಾರೆ, ತೀರಾ ಅಪರೂಪಕ್ಕೆ. ಅವರ ಕಣಗಳು ರಕ್ತದಲ್ಲೇ ತುಂಬಿ ತೇಲುತ್ತವೆ, ಹೊರಬರಲಾರವು. ಸಣ್ಣ ಸೋಂಕೂ ಅವರ ಜೀವಕ್ಕೆ ಕುತ್ತು. ಬಳ್ಳಿ ಹೊತ್ತಿಗೆ ಉದುರದಿರುವುದು ಮೊದಲ ಗುರುತು. ಈ ಸಾಲನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಎಷ್ಟು ವಾರ ಎಂದಿತ್ತು ಎಂಬುದು ಮಾತ್ರ ನೆನಪಾಗಲಿಲ್ಲ.

ಕೋಲಾರದ ಮಕ್ಕಳ ಡಾಕ್ಟರು ಸಮಾಧಾನದ ಹೆಂಗಸು. "ಹೊಕ್ಕಳಿಗೆ ಏನಾದ್ರೂ ಹಚ್ತಿದ್ದೀರಾ?" ಎಂದು ಕೇಳಿದರು.

"ಏನೂ ಇಲ್ಲ" ಅಂದೆ.

"ಅರಿಶಿನ, ಹರಳೆಣ್ಣೆ, ಬೂದಿ ಅಂಥದ್ದೆಲ್ಲ ನಮ್ಮನೇಲಿ ಇಲ್ಲ ಡಾಕ್ಟ್ರಮ್ಮ" ಎಂದಳು ಅಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳು ತುಸು ಹೆಚ್ಚಿದ್ದವು. ಎಳೆ ಮಕ್ಕಳಿಗೆ ಅದು ಇರುವುದೇ ಎಂದರು ಡಾಕ್ಟರು. ಹೊರಬರಲಾಗದೆ ತುಂಬಿಕೊಂಡಿವೆ ಎಂದೇ ನನಗೆ ಕೇಳಿಸಿತು. ನನ್ನ ಮುಖ ನೋಡಿಯೋ ಏನೋ, ಅಂಟುವ ಅಣುಗಳ ಪರೀಕ್ಷೆಗೆ ಬೆಂಗಳೂರಿಗೆ ರಕ್ತ ಕಳಿಸಿದರು. ಫಲಿತಾಂಶಕ್ಕೆ ಒಂದು ವಾರ.

ಆ ವಾರ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಮೈ ಬಿಸಿಯಾಗಿದೆಯೇ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದೆ. ಎರಡೇ ದಿನಕ್ಕೆ, ಜ್ವರವಿದೆ ಎಂದು ಮತ್ತೆ ಕೋಲಾರಕ್ಕೆ ಓಡಿದೆವು. ಜ್ವರವಿರಲಿಲ್ಲ. ಡಾಕ್ಟರು ಮಗುವಿನ ಹೊಟ್ಟೆಯ ಹತ್ತಿರ ಬಗ್ಗಿ, "ಸ್ಪಿರಿಟ್ ವಾಸನೆ ಬರ್ತಿದೆಯಲ್ಲ?" ಅಂದರು.

"ಅದು ಹಚ್ಚೋದಲ್ಲಮ್ಮ, ಒರೆಸೋದು" ಎಂದಳು ಅಮ್ಮ.

"ದಿನಕ್ಕೆ ಎಷ್ಟು ಸಲ?"

"ಬಟ್ಟೆ ಬದಲಾಯಿಸ್ದಾಗೆಲ್ಲ."

ಡಾಕ್ಟರು ಅಮ್ಮನನ್ನೇ ನೋಡಿದರು. "ರೇಷ್ಮೆಹುಳು ಸಾಕ್ತೀರಾ?"

"ಹೂಂ. ನಿಮಗೆ ಹೆಂಗೆ ಗೊತ್ತಾಯ್ತು?"

"ನಮ್ಮಮ್ಮನೂ ಸಾಕ್ತಿದ್ರು. ನಮ್ಮನ್ನೂ ಹಿಂಗೇ ತೊಳೆದೂ ತೊಳೆದೂ ಇಡ್ತಿದ್ರು."

ನಮ್ಮಲ್ಲಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕೈ ಅದ್ದದೆ ಹುಳುಮನೆಗೆ ಯಾರನ್ನೂ ಬಿಡುವುದಿಲ್ಲ. ಒಂದು ಹುಳು ಕೆಟ್ಟರೆ ತಟ್ಟೆಯೇ ಕೆಡುತ್ತದೆ ಎಂಬ ಭಯದಲ್ಲೇ ಬೆಳೆದವಳು ನಾನು. ಸ್ಪಿರಿಟ್ಟು ನಮಗೆ ಔಷಧಿಯಲ್ಲ, ನೀರಿನ ಹಾಗೆ. ಕ್ರಿಮಿಗಳೇ ಇಲ್ಲದಂತೆ ಒರೆಸಿದರೆ ಕಣಗಳಿಗೆ ಕರೆಯೂ ಅಷ್ಟಕ್ಕಷ್ಟೇ, ಬಳ್ಳಿ ತಡವಾಗಿ ಬಿಡುತ್ತದೆ. ಪಾಠ ಹೇಳುವ ನನಗೆ ಇದು ಹೊಳೆದಿರಲಿಲ್ಲ. ಒರೆಸಲು ಶುರುಮಾಡಿದ್ದು ಅಮ್ಮ ಎಂದು ನನ್ನ ನೆನಪು. "ನೀನೇ ಕಣೇ ಬಾಟ್ಲಿ ತರ್ಸಿದ್ದು" ಅನ್ನುತ್ತಾಳೆ ಅವಳು. ಇರಬಹುದು.

ಸ್ಪಿರಿಟ್ಟು ನಿಲ್ಲಿಸಿದೆವು. ಆದರೆ ತಡಕ್ಕೆ ಇನ್ನೊಂದು ಕಾರಣ ಸಿಕ್ಕಿತೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಾಗುವುದಿಲ್ಲವಲ್ಲ. ಭಯ ಹಾಗೇ ಇತ್ತು.

ನಿಲ್ಲಿಸಿದ ನಾಲ್ಕನೆಯ ಬೆಳಿಗ್ಗೆ ಬಳ್ಳಿ ಬಟ್ಟೆಯ ಮಡಿಕೆಯಲ್ಲಿ ಬಿದ್ದಿತ್ತು. ಅಮ್ಮ ಹೊಕ್ಕಳು ನೋಡಿ ಗಾಬರಿಯಾದಳು. "ಕೀವು ಕಣೇ. ನಿಲ್ಲಿಸ್ಬೇಡ ಅಂದೆ, ಕೇಳಿದ್ಯಾ?"

ಬಗ್ಗಿ ನೋಡಿದೆ. ಬುಡದಲ್ಲಿ ಸಾಸಿವೆಯಷ್ಟು ಹಳದಿ ತೇವ. ಕೀವೆಂದರೆ ಸತ್ತ ಬಿಳಿ ಕಣಗಳ ರಾಶಿ. ಆ ಕಾಯಿಲೆಯ ಮಕ್ಕಳಲ್ಲಿ ಕೀವು ಆಗುವುದೇ ಇಲ್ಲ, ಕಣಗಳು ಅಲ್ಲಿಗೆ ತಲುಪುವುದಿಲ್ಲ. ನನ್ನ ಮಗಳವು ತಲುಪಿದ್ದವು. ಗೋಡೆ ಹಿಡಿದು ನಿಂತಿದ್ದವು, ನುಸುಳಿ ಬಂದಿದ್ದವು.

"ಕೀವು ನೋಡಿ ನಗ್ತಾಳಲ್ಲ ಇವಳು" ಎಂದು ಅಮ್ಮ ಬೈದಳು. ನಕ್ಕಿದ್ದು ನನಗೆ ನೆನಪಿಲ್ಲ. ಬೆಂಗಳೂರಿನ ವರದಿ ಮಾರನೆಯ ದಿನ ಬಂತು. ಎಲ್ಲವೂ ಇರಬೇಕಾದಂತೆ ಇದೆ ಎಂದು ಡಾಕ್ಟರು ಫೋನಿನಲ್ಲಿ ಓದಿ ಹೇಳಿದಾಗ, ಗೊತ್ತು ಅಂದೆ.