ಶೂಗೆ ಕಟ್ಟಿದ್ದ ಚೀಟಿ

ನೆಲಮಂಗಲದಲ್ಲಿ ಟ್ರೆಕ್ಕಿಂಗ್ ಸಾಮಾನಿನ ಒಂದು ಅಂಗಡಿ ಇದೆ. ಗಿರಾಕಿಗಳು ವಾಪಸ್ ಕೊಟ್ಟ ಮಾಲಿಗೆ, ಯಾಕೆ ವಾಪಸ್ ಬಂತು ಅಂತ ಬರೆದ ಚೀಟಿ ಕಟ್ಟಿ ಅರ್ಧ ಬೆಲೆಗೆ ಮಾರ್ತಾರೆ. ನಾನು ಆರಿಸಿದ ಶೂ ಮೇಲೆ ಹೀಗಿತ್ತು: ‘ಶೂ ಚೆನ್ನಾಗಿದೆ. ಗಿರಾಕಿಗೆ ಬೆಟ್ಟ ಹತ್ತೋಕೆ ಆಗಲಿಲ್ಲ.’

“ಯಾರಮ್ಮಾ ಈ ಪುಣ್ಯಾತ್ಮ?” ಅಂತ ಕೌಂಟರಿನ ಹುಡುಗಿ ಮುಂದೆ ಹೊಟ್ಟೆ ಹಿಡ್ಕೊಂಡು ನಕ್ಕು, ಶೂ ತಗೊಂಡೆ.

ಭಾನುವಾರ ಶಿವಗಂಗೆ ಬೆಟ್ಟಕ್ಕೆ ಹೋದೆ. ಅರ್ಧ ದಾರೀಲೇ ಏದುಸಿರು ಬಂದು ಕೂತ್ಬಿಟ್ಟೆ. ನನ್ನ ಬಿಸ್ಕತ್ತು ಕಿತ್ಕೊಂಡ ಕೋತಿ ಮೇಲಕ್ಕೆ ಹೋಯ್ತು, ನಾನು ಕೆಳಕ್ಕೆ ಬಂದೆ.

ಸೋಮವಾರ ಶೂನ ಡಬ್ಬಿ ಸಮೇತ ಅಂಗಡಿಗೆ ತಗೊಂಡು ಹೋಗಿ, “ಶೂ ಸ್ವಲ್ಪ ಕಚ್ಚುತ್ತೆ ಕಣಮ್ಮ” ಅಂದೆ.

ಹುಡುಗಿ ನನ್ನ ಮುಖ ನೋಡಿದಳು. “ಎಲ್ಲಿವರೆಗೆ ಹತ್ತಿದ್ರಿ ಸಾರ್?”

“ಅರ್ಧ.”

ಅವಳು ಡಬ್ಬಿಯಲ್ಲಿದ್ದ ಹಳೇ ಚೀಟಿಯನ್ನೇ ತೆಗೆದು ಕೆಳಗೆ ಬರೆದಳು: ‘ಇವರಿಗೂ ಆಗಲಿಲ್ಲ.’

ಮುಂದಿನ ಗಿರಾಕಿ ನಗುವಾಗ ನಾನು ಅಲ್ಲಿರಲ್ಲ, ಅಷ್ಟೇ ಪುಣ್ಯ.