ಜೈನಾಪುರದ ಬಾವಿಯ ಎರಡು ಚುಕ್ಕಿಯ ಹುಳ

ಆ ಬಾವಿಗೆ ಮೊದಲ ಸಲ ಇಳಿದಾಗ ನಾನು ಯಾರನ್ನೂ ಕೇಳಿರಲಿಲ್ಲ. ವಿಜಯಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಉಳಿದ ಹೊತ್ತಿನಲ್ಲಿ ನೀರೊಳಗೆ ಮುಳುಗಿ ಬದುಕುವ ಜೀರುಂಡೆಗಳನ್ನು ಹಿಡಿದು, ಯಾವುದು ಯಾವ ಜಾತಿ ಎಂದು ಗುರುತಿಸುವುದು ನನ್ನ ಸಂಶೋಧನೆ. ನಗರದ ಹಳೆಯ ಬಾವಡಿಗಳನ್ನು, ಅಂದರೆ ಮೆಟ್ಟಿಲುಬಾವಿಗಳನ್ನು, ತಿಕೋಟಾ ಕಡೆಯ ಕಲ್ಲುಗಣಿಗಳಲ್ಲಿ ನಿಂತ ನೀರನ್ನು ಅಷ್ಟರಲ್ಲಿ ಜಾಲಾಡಿ ಮುಗಿಸಿದ್ದೆ. ಒಂದು ದಿನ ಬಬಲೇಶ್ವರದ ಜೀಪಿನಲ್ಲಿ ಪಕ್ಕದಲ್ಲಿ ಕೂತವರೊಬ್ಬರು, "ಜೈನಾಪುರದಾಗ ಒಂದು ಬಾವಿ ಐತ್ರಿ, ಯಾರೂ ನೀರು ಮುಟ್ಟೂದಿಲ್ಲ" ಅಂದರು. ಯಾರೂ ಮುಟ್ಟದ ನೀರು ಎಂದ ಕೂಡಲೇ ನನಗೆ ಆಸೆಯಾಯಿತು. ಯಾಕೆ ಮುಟ್ಟುವುದಿಲ್ಲ ಎಂದು ಕೇಳಲಿಲ್ಲ.

ಹೊಲದ ನಡುವೆ ಕಲ್ಲು ಕಟ್ಟಿದ ಚೌಕ ಬಾವಿ. ಒಂದು ಬದಿಗೆ ಇಳಿಯುವ ಪಾವಟಿಗೆಗಳು, ಅಲ್ಲಲ್ಲಿ ಒಡೆದಿದ್ದವು. ಸೀರೆ ಎತ್ತಿ ಕಟ್ಟಿ, ಬಲೆ ಹಿಡಿದು ಇಳಿದೆ. ನೀರಿಗೆ ಇನ್ನೂ ಬಲೆ ಹಾಕಿರಲಿಲ್ಲ, ಮೇಲಿನಿಂದ ಹೆಂಗಸೊಬ್ಬಳು ಚೀರಿದಳು.

"ಮ್ಯಾಲ ಬರ್ರಿ! ಯವ್ವಾ, ಮೊದಲ ಮ್ಯಾಲ ಬರ್ರಿ!"

ಕೇಳದೆ ಬಂದದ್ದಕ್ಕೆ ಬೈಯುತ್ತಾಳೆಂದುಕೊಂಡು ಕ್ಷಮೆ ಕೇಳುತ್ತಲೇ ಹತ್ತಿದೆ. ಅವಳು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದು ಬೇವಿನ ಗಿಡದ ಕೆಳಗೆ ಕೂರಿಸಿದಳು. ಐವತ್ತು ದಾಟಿದ ಹೆಂಗಸು, ಹೊಲ ಅವಳದೇ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: ಅವಳ ಮಗಳು, ಪಿಯುಸಿ ಎರಡನೇ ವರ್ಷ ಓದುತ್ತಿದ್ದವಳು, ಇದೇ ಬಾವಿಯಲ್ಲಿ ಹೋದಳು. ಕೊಡ ತುಂಬಲು ಇಳಿದಾಗ ಕಾಲ ಕೆಳಗಿನ ಕಲ್ಲು ಕಿತ್ತುಬಂದಿತ್ತು. ಅಂದಿನಿಂದ ಮನೆಯವರು ಮೋಟಾರು ತೆಗೆದು, ನೀರು ಬಳಸುವುದನ್ನೇ ಬಿಟ್ಟಿದ್ದರು.

ನಾನು ಬಲೆ ಮಡಚಿ ಹೊರಟೆ. ಅವಳೇ ತಡೆದಳು. "ಯಾಕ ಇಳದಿದ್ರಿ ಅಕ್ಕಾರ?" ಎಂದು ಕೇಳಿದಳು. ಹುಳದ ಸಲುವಾಗಿ ಎಂದು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅವಳು ಬಾವಿಯ ಕಡೆ ನೋಡಿ ಅಂದಳು: "ಇಳೀರಿ. ನಾ ಮ್ಯಾಲ ಕುಂದರತೇನಿ. ಆದ್ರ ಸುಮ್ಮನಿರಬ್ಯಾಡ್ರಿ, ಮಾತಾಡ್ಕೋತ ಇರ್ರಿ. ನಿಮ್ಮ ದನಿ ಕೇಳತಿರಬೇಕು ನನಗ."

ಹಾಗೆ ಒಂದು ವರ್ಷ ನಡೆಯಿತು. ತಿಂಗಳಿಗೊಮ್ಮೆ ಭಾನುವಾರ ಹೋಗುತ್ತಿದ್ದೆ. ಅವಳು ಮೇಲಿನ ಕಲ್ಲಿನ ಮೇಲೆ ಕೂರುತ್ತಿದ್ದಳು, ನಾನು ಕೆಳಗೆ ಬಲೆ ಆಡಿಸುತ್ತ ಮಾತಾಡುತ್ತಿದ್ದೆ. ಏನು ಮಾತಾಡುವುದು? ಹುಳದ ಮಾತೇ. ಇವು ನೀರಿನ ಮೇಲೆ ಬಂದು ರೆಕ್ಕೆಯ ಕೆಳಗೆ ಗಾಳಿ ತುಂಬಿಕೊಂಡು ಮತ್ತೆ ಮುಳುಗುತ್ತವೆ ಎಂದೆ ಒಮ್ಮೆ. ಮೇಲಿನಿಂದ ಪ್ರಶ್ನೆ ಬಂತು.

"ಎಷ್ಟೊತ್ತು ಇರತಾವ್ರಿ ಆ ಗಾಳಿ ಮ್ಯಾಲ?"

"ಭಾಳ ಹೊತ್ತು ಇರತಾವ್ರಿ."

ಮಗಳು ಮುಳುಗಿದ ನೀರಿನಲ್ಲಿ ನಿಂತು ಹೇಳಬಾರದ್ದನ್ನು ಹೇಳಿದೆನೆಂದು ನನಗೆ ಆಗ ಹೊಳೆಯಿತು. ಆ ದಿನ ಬೇಗ ಹತ್ತಿ ಬಂದೆ. ಅವಳು ಎಂದಿನಂತೆ ಚಹಾ ಮಾಡಿಕೊಟ್ಟಳು, ಮನೆಯ ಕಟ್ಟೆಯ ಮೇಲೆ ಕೂತು ಇಬ್ಬರೂ ಕುಡಿದೆವು.

ಮಳೆಗಾಲ ಮುಗಿಯುವ ಹೊತ್ತಿಗೆ ಬಲೆಯಲ್ಲಿ ಒಂದು ಹೊಸ ಹುಳ ಬಂತು. ಜೋಳದ ಕಾಳಿನಷ್ಟು ಸಣ್ಣದು, ಕಪ್ಪು ಮೈ, ಬೆನ್ನಿನ ಮೇಲೆ ಎರಡು ಹಳದಿ ಚುಕ್ಕಿ. ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನನ್ನಲ್ಲಿದ್ದ, ಗೊತ್ತಿರುವ ಜಾತಿಗಳ ವರ್ಣನೆಗಳನ್ನೆಲ್ಲ ತಾಳೆ ನೋಡಿದೆ. ಯಾವುದಕ್ಕೂ ಹೊಂದಲಿಲ್ಲ. ಇಂಥ ಹುಳಗಳಲ್ಲಿ ಜಾತಿ ತೀರ್ಮಾನವಾಗುವುದು ಗಂಡಿನ ಜನನಾಂಗದ ಆಕಾರದಿಂದ. ಸೂಜಿಯಿಂದ ಅದನ್ನು ಬಿಡಿಸಿ ನೋಡಿದೆ. ತುದಿ ಕೊಕ್ಕಿನಂತೆ ಬಾಗಿತ್ತು. ಅಂಥದ್ದರ ಚಿತ್ರವನ್ನು ನಾನು ಎಲ್ಲೂ ಕಂಡಿರಲಿಲ್ಲ. ಹನ್ನೊಂದು ವರ್ಷ ಕೆಸರಿನಲ್ಲಿ ಕೈಯಾಡಿಸಿದ್ದಕ್ಕೆ ಒಂದಾದರೂ ಹೊಸದು ಸಿಕ್ಕಿತು ಎಂದುಕೊಂಡೆ.

ಪರಿಣತರೊಬ್ಬರಿಗೆ ತೋರಿಸುವವರೆಗೆ ಯಾರಿಗೂ ಹೇಳಬಾರದು. ಅದು ನಮ್ಮ ಕೆಲಸದ ಮೊದಲ ಶಿಸ್ತು. ನಾನು ಹೇಳಿಬಿಟ್ಟೆ. ಹೇಳಿದ್ದೂ ಅವಳಿಗೆ. "ಯವ್ವಾ, ನಿಮ್ಮ ಬಾವ್ಯಾಗಿನ ಹುಳ ಜಗತ್ತಿನಾಗ ಯಾರೂ ಕಂಡಿಲ್ರಿ. ಅದಕ್ಕ ಹೆಸರ ಇಲ್ಲ. ನಾನ ಇಡಬೇಕು."

ಮುಂದಿನ ಸಲ ನಾನು ಹೋಗುವಷ್ಟರಲ್ಲಿ ಅವಳು ಮಗಳ ಒಂದು ನೋಟ್‌ಬುಕ್ ತೆಗೆದಿಟ್ಟುಕೊಂಡು ಕೂತಿದ್ದಳು.

"ಅಕ್ಕಾರ, ಆ ಹುಳಕ್ಕ ನನ್ನ ಮಗಳ ಹೆಸರು ಇಡಾಕ ಬರತೈತೇನ್ರಿ?"

ಇನ್ನೂ ಖಾತ್ರಿಯಾಗಿಲ್ಲ ಎಂದು ಹೇಳುವುದಕ್ಕೆ ಅದೇ ಹೊತ್ತು. ಅವಳ ಮುಖ ನೋಡಿದೆ. "ಬರತೈತ್ರಿ, ಇಡ್ತೇನಿ" ಅಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಶಾಸ್ತ್ರದ ಲ್ಯಾಟಿನ್ ಭಾಷೆಯಲ್ಲಿ ಹೆಸರಿನ ಕೊನೆ ಹೇಗೆ ಬದಲಾಗುತ್ತದೆ ಎಂದು ಹೇಳಿ, ಆ ನೋಟ್‌ಬುಕ್ಕಿನ ಕಡೆಯ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ, ಓದಿಯೂ ಹೇಳಿದೆ. ಅವಳು ಎರಡು ಸಲ ಅಂದು ನೋಡಿದಳು. "ದೊಡ್ಡಾಕಿ ಆದಂಗ ಆತು ನೋಡ್ರಿ ಹೆಸರು" ಅಂದಳು.

ಹುಳಗಳನ್ನು ದೂರದ ಊರಿನ ಸಂಗ್ರಹಾಲಯದ ಪರಿಣತರಿಗೆ ಕಳಿಸಿದೆ. ಆರು ವಾರಕ್ಕೆ ಉತ್ತರ ಬಂತು, ಬಹಳ ಸೌಜನ್ಯದ್ದು. ಇದು ಬಹಳ ಹಿಂದೆಯೇ ವರ್ಣಿತವಾಗಿ ಹೆಸರು ಪಡೆದ ಜಾತಿ. ಸಾಮಾನ್ಯವಾಗಿ ನಾಲ್ಕು ಚುಕ್ಕಿ ಇರುತ್ತವೆ, ಕೆಲವು ಕಡೆಯ ನೀರಿನಲ್ಲಿ ಎರಡು ಮಾಸಿಹೋಗಿರುತ್ತವೆ. ಅಂಗದ ತುದಿ ನಿಮಗೆ ಕೊಕ್ಕಿನಂತೆ ಕಂಡದ್ದು ಅದು ಓರೆಯಾಗಿ ಕೂತಿದ್ದರಿಂದ ಇರಬಹುದು. ನೇರ ಮಾಡಿ ನೋಡಿರಿ.

ನೇರ ಮಾಡಿ ನೋಡಿದೆ. ಅವರು ಹೇಳಿದ್ದೇ ಸರಿ. ಎರಡು ನಿಮಿಷದ ಕೆಲಸ, ಮೊದಲೇ ಮಾಡಬಹುದಾಗಿತ್ತು. ಹೊಸದಾಗಿರಲಿ ಎಂಬ ಆಸೆ ನನ್ನ ಕಣ್ಣನ್ನು ಅಷ್ಟು ಕೆಡಿಸಿತ್ತು. ವಿದ್ಯಾರ್ಥಿಗಳು ಹೀಗೆ ಮಾಡಿದ್ದರೆ ತರಗತಿಯಲ್ಲೇ ಬೈಯುತ್ತಿದ್ದೆ.

ಆಮೇಲೆ ನಾಲ್ಕು ತಿಂಗಳು ಜೈನಾಪುರದ ಕಡೆ ಹೋಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ ಎಂದು ನನಗೇ ನಾನು ನೆವ ಹೇಳಿಕೊಂಡೆ. ಅದರ ಬದಲು ರಜೆ ಸಿಕ್ಕಾಗಲೆಲ್ಲ ತಿಕೋಟಾಕ್ಕೆ ಓಡುತ್ತಿದ್ದೆ. ಕಲ್ಲುಗಣಿಗಳಲ್ಲಿ, ದ್ರಾಕ್ಷಿ ತೋಟಗಳ ಪ್ಲಾಸ್ಟಿಕ್ ಹಾಸಿದ ಹೊಂಡಗಳಲ್ಲಿ ಬಲೆ ಹಾಕಿದೆ. ಎಲ್ಲಾದರೂ ಒಂದು ಹೊಸ ಹುಳ ಸಿಗಲಿ, ಆ ಹುಡುಗಿಯ ಹೆಸರು ಅದಕ್ಕೆ ಇಟ್ಟು ತಪ್ಪಿಸಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರ. ಹೊಂಡಗಳಲ್ಲಿ ಔಷಧಿಯ ವಾಸನೆ, ಹುಳವೇ ಇರುತ್ತಿರಲಿಲ್ಲ. ಗಣಿಗಳಲ್ಲಿ ಸಿಕ್ಕವೆಲ್ಲ ನನಗೆ ಹೆಸರು ಹಿಡಿದು ಗೊತ್ತಿದ್ದವು. ಮೊದಲು ಒಂದೊಂದು ಹುಳ ಕಂಡಾಗಲೂ ಖುಷಿಯಾಗುತ್ತಿತ್ತು. ಈಗ ಬಲೆ ಎತ್ತಿದರೆ ಸಿಟ್ಟು ಬರುತ್ತಿತ್ತು.

ಬಬಲೇಶ್ವರದ ಸಂತೆಯಲ್ಲಿ ಅವಳು ಎದುರಾದಳು. ಬೆಂಡೆಕಾಯಿ ಆರಿಸುತ್ತ ನಿಂತಿದ್ದೆ, ಹಿಂದಿನಿಂದ ಕೈ ಹಿಡಿದಳು. ಕಾಯಿಪಲ್ಲೆ ಮಾರುವ ಹೆಂಗಸರಿಗೆಲ್ಲ ನನ್ನನ್ನು ತೋರಿಸಿ, "ಇವರ ನೋಡ್ರಿ, ನಮ್ಮ ಹುಡುಗಿ ಹೆಸರು ಪುಸ್ತಕದಾಗ ಬರಸಾಕತ್ತಾರ" ಅಂದಳು. ಅವರಲ್ಲೊಬ್ಬಳು ನನಗೆ ಕೈ ಮುಗಿದಳು. ನಾನು ನಕ್ಕೆ ಅನಿಸುತ್ತದೆ.

ಮರುದಿನವೇ ಕಾಲೇಜಿಗೆ ರಜೆ ಹಾಕಿ ಜೈನಾಪುರಕ್ಕೆ ಹೋದೆ. ಕಟ್ಟೆಯ ಮೇಲೆ ಕೂತು, ಚಹಾಕ್ಕಿಂತ ಮೊದಲೇ ಹೇಳಿದೆ.

"ಯವ್ವಾ, ಆ ಹುಳ ಹೊಸಾದಲ್ರಿ. ಭಾಳ ವರ್ಷದ ಹಿಂದ ಯಾರೋ ಕಂಡು ಹೆಸರು ಇಟ್ಟಾರ. ನಂದ ತಪ್ಪಾತು."

"ಯಾರ ಹೆಸರು ಇಟ್ಟಾರ್ರಿ?"

"ಯಾರದೂ ಅಲ್ರಿ. ಮೈಮ್ಯಾಲಿನ ಚುಕ್ಕಿ ನೋಡಿ ಇಟ್ಟದ್ದು."

"ಹಂಗಾದ್ರ ಅದನ್ನ ತಗದು ನಮ್ಮಾಕಿದು ಇಡಾಕ ಬರೂದಿಲ್ಲೇನು?"

"ಇಲ್ರಿ. ಮೊದಲ ಇಟ್ಟಿದ್ದ ಖಾಯಂ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಅತ್ತರೆ ಏನು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವಳು ಅಳಲಿಲ್ಲ. "ಮತ್ತ ಖರೇ ಗೊತ್ತಾಗೂ ಮೊದಲ ಯಾಕ ಹೇಳಿದ್ರಿ ಅಕ್ಕಾರ? ನಾ ಏನ್ ನಿಮ್ಮನ್ನ ಕೇಳಾಕ ಬಂದಿದ್ನೇನು?" ಅಂದಳು. ದನಿ ಏರಿರಲಿಲ್ಲ. ಅವಳು ಎದ್ದು ಒಳಗೆ ಹೋದಳು. ಕಾದೆ, ಹೊರಗೆ ಬರಲಿಲ್ಲ. ಬಾವಿಗೆ ಇಳಿಯದೆ ಬಸ್ಸು ಹಿಡಿದೆ.

ಆ ಹುಳ ನಮ್ಮ ಭಾಗದಲ್ಲಿ ಸಿಕ್ಕದ್ದು ಅದೇ ಮೊದಲು, ಆದ್ದರಿಂದ ಸಂಶೋಧನಾ ಪತ್ರಿಕೆಯೊಂದರಲ್ಲಿ ನನ್ನ ಎರಡು ಪುಟದ ಟಿಪ್ಪಣಿ ಪ್ರಕಟವಾಯಿತು. ಕೊನೆಯಲ್ಲಿ ನೆರವಾದವರನ್ನು ನೆನೆಯುವ ಸಾಲಿನಲ್ಲಿ ತಾಯಿಯ ಹೆಸರನ್ನೂ ಮಗಳ ಹೆಸರನ್ನೂ ಬರೆದೆ. ಪ್ರತಿ ತೆಗೆದುಕೊಂಡು ಹೋದಾಗ ಅವಳು ಮನೆಯಲ್ಲಿರಲಿಲ್ಲ, ಹಿರಿಯ ಮಗನಿದ್ದ. ಹೊಲದ ಕಡೆ ನೋಡಿದರೆ ಬಾವಿ ಇದ್ದಲ್ಲಿ ಕಲ್ಲುಮಣ್ಣಿನ ಗುಡ್ಡೆ.

"ಮುಚ್ಚಿಸಿದ್ವಿ ಅಕ್ಕಾರ," ಅಂದ. "ಈಗ ಕಾಲುವಿ ನೀರು ಬರತೈತಿ. ನಾನು ಭಾಳ ದಿನದಿಂದ ಅನ್ನಾಕತ್ತಿದ್ದೆ, ಅವ್ವ ಬ್ಯಾಡ ಅಂತಿದ್ಲು, ಅದರಾಗ ಅಕ್ಕಾರ ಹುಳ ಐತಿ ಅಂತ. ಹೋದ ತಿಂಗಳ ತಾನ ಹೇಳಿದ್ಲು, ಮುಚ್ಚಸ್ರಿ ಅಂತ."

ಅವನು ಆ ಹಾಳೆಗಳನ್ನು ತಿರುವಿ, ತಂಗಿಯ ಹೆಸರನ್ನು ಹುಡುಕಿ, ಬೆರಳಿಟ್ಟು ಓದಿದ. "ಸಣ್ಣ ಅಕ್ಷರದಾಗ ಐತ್ರಿ" ಅಂದ. ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಕಳೆದ ಬೇಸಿಗೆಯಲ್ಲಿ ಸಾರವಾಡದ ಬಸ್ಸಿನಲ್ಲಿ ಅವಳು ಸಿಕ್ಕಳು, ತಂಗಿಯ ಮನೆಗೆ ಹೊರಟಿದ್ದಳು. ನನ್ನನ್ನು ಕಂಡು ಗಂಟು ಸರಿಸಿ ಜಾಗ ಮಾಡಿಕೊಟ್ಟಳು. ಆರಾಮ ಇದ್ದೀರೇನು ಎಂದು ಕೇಳಿದಳು, ಎಂದೋ ಚಹಾ ಕುಡಿಯುವಾಗ ನಾನು ಹೇಳಿದ್ದ ನನ್ನ ತಾಯಿಯ ಮೊಣಕಾಲು ನೋವು ಹೇಗಿದೆ ಎಂದೂ ಕೇಳಿದಳು. ಬಿಸಿಲು ಬಹಳ ಎಂದಳು, ಹೌದು ಎಂದೆ. ಸಾರವಾಡ ಬಂದಾಗ "ಬರತೇನ್ರಿ ಅಕ್ಕಾರ" ಎಂದು ಗಂಟು ಎತ್ತಿಕೊಂಡು ಇಳಿದಳು. ಬಸ್ಸು ಹೊರಡುವವರೆಗೂ ಕಿಟಕಿಯಿಂದ ನೋಡುತ್ತಿದ್ದೆ. ಅವಳು ತಿರುಗಿ ನೋಡಲಿಲ್ಲ.